ಧರೆ ಕುಸಿಯುವ ಲೆಕ್ಕ ಹಾಕಿದ ಮೇಷ್ಟ್ರು

2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲೆ ಬಳಿ ಗುಡ್ಡದ ಮಣ್ಣು ಹೆದ್ದಾರಿಗೆ ಜರಿದು ಶಿರಾಡಿ ಘಾಟಿಯ ಸಂಚಾರಕ್ಕೆ ತಡೆಯಾಯಿತು. ಅದೇ ತಿಂಗಳು ಕಡಗರವಳ್ಳಿ ಮತ್ತು ಎಡಕುಮೇರಿ ನಡುವೆ ರೈಲು ಹಳಿಯ ಬುಡದ ಮಣ್ಣೂ ಕುಸಿಯಿತು. ಪುನರ್ವಸು, ಪುಷ್ಯ ಮಳೆಗಳು ಬಿಡದೆ ಹಿಡಿದರೆ ಹೀಗಾಗುವುದು ಮಲೆನಾಡಿಗರಿಗೆ ಹೊಸದಲ್ಲ. ನೆನೆದ ಮಣ್ಣು ಭಾರವಾಗಿ ಜಾರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಅರ್ಧ ಸತ್ಯ.

ಉಳಿದರ್ಧವನ್ನು ಲೆಕ್ಕಕ್ಕೆ ತಂದವರು ಕಾರ್ಲ್ ಟೆರ್ಜಾಗಿ. 1883ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಅವರು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 1916ರಲ್ಲಿ ಇಸ್ತಾನ್‌ಬುಲ್‌ಗೆ ಅಧ್ಯಾಪಕರಾಗಿ ಹೋಗಿ, ಮಹಾಯುದ್ಧ ಮುಗಿದಾಗ ಆ ಹುದ್ದೆ ಕೈತಪ್ಪಿ, ಅದೇ ಊರಿನ ರಾಬರ್ಟ್ ಕಾಲೇಜು ಸೇರಿದರು. ಉಪಕರಣಕ್ಕೆ ಹಣವಿರಲಿಲ್ಲ, ಸಿಗಾರ್ ಪೆಟ್ಟಿಗೆಯಂಥ ಸಿಕ್ಕಿದ ಸಾಮಾನುಗಳಿಂದಲೇ ಮರಳು, ಜೇಡಿಗಳನ್ನು ಒತ್ತಿ ನೋಡುವ ಸಾಧನಗಳನ್ನು ಜೋಡಿಸಿಕೊಂಡರು. ಆ ಪ್ರಯೋಗಗಳ ಫಲ 1925ರಲ್ಲಿ ಜರ್ಮನ್ ಗ್ರಂಥವಾಗಿ ಬಂದಾಗ ಮಣ್ಣಿನ ಯಂತ್ರಶಾಸ್ತ್ರವೆಂಬ ಹೊಸ ಶಾಸ್ತ್ರವೇ ನಿಂತಿತು.

ಅವರು ಕಂಡುಕೊಂಡದ್ದು ಇಷ್ಟು: ಮಣ್ಣಿನೊಳಗೆ ಭಾರ ಹೊರುವವರು ಇಬ್ಬರು, ಕಣಗಳು ಮತ್ತು ಅವುಗಳ ಸಂದಿಯಲ್ಲಿರುವ ನೀರು. ಜಾರದಂತೆ ತಡೆಯುವ ಘರ್ಷಣೆ ಹುಟ್ಟುವುದು ಕಣಗಳು ಹೊತ್ತ ಪಾಲಿನಿಂದ ಮಾತ್ರ. 1 ಚದರ ಮೀಟರ್ ನೆಲದ ಮೇಲೆ 3 ಮೀಟರ್ ಎತ್ತರದ ಮಣ್ಣು ಸುಮಾರು 5.4 ಟನ್ ತೂಗುತ್ತದೆ ಎನ್ನೋಣ. ನೀರು ಮೇಲಿನವರೆಗೆ ತುಂಬಿದರೆ ತೂಕ 6 ಟನ್ನಿಗೆ ಏರುತ್ತದೆ. ಆದರೆ ಅದರಲ್ಲಿ 3 ಟನ್ನನ್ನು ನೀರಿನ ಒತ್ತಡವೇ ಹೊರುವುದರಿಂದ ಕಣಗಳ ಪಾಲಿಗೆ ಉಳಿಯುವುದು 3 ಟನ್. ಭಾರ ಹೆಚ್ಚಿತು, ಹಿಡಿತ ಮಾತ್ರ ಅರ್ಧಕ್ಕೆ ಹತ್ತಿರ ಇಳಿಯಿತು! ಇಳಿಜಾರಿನಲ್ಲಿ ಅಂಕಿಗಳು ಬೇರೆಯಾದರೂ ತತ್ವ ಇದೇ. ರಸ್ತೆಗಾಗಿ ಕಡಿದ ಕೆಮ್ಮಣ್ಣಿನ ಧರೆ ಬೇಸಿಗೆಯಲ್ಲಿ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುವುದಕ್ಕೂ ಉತ್ತರ ಇಲ್ಲಿದೆ: ಅಲ್ಪಸ್ವಲ್ಪ ತೇವ ಕಣಗಳನ್ನು ಪರಸ್ಪರ ಎಳೆದು ಹಿಡಿಯುತ್ತದೆ, ಸಂದಿಗಳು ಪೂರ್ತಿ ತುಂಬಿದರೆ ಆ ಎಳೆತ ಇಲ್ಲವಾಗುತ್ತದೆ.

ಘಾಟಿಯ ತಡೆಗೋಡೆಗಳಲ್ಲಿ ಸಾಲಾಗಿ ಚಾಚಿಕೊಂಡಿರುವ ಪಿವಿಸಿ ಪೈಪಿನ ತುಂಡುಗಳ ಕೆಲಸ ಈ ಒತ್ತಡವನ್ನು ಇಳಿಸುವುದು. ಮಳೆಗಾಲದಲ್ಲಿ ಅವುಗಳಿಂದ ನೀರು ಸುರಿಯುತ್ತಿದ್ದರೆ ಹೆದರಬೇಕಿಲ್ಲ. ಬಾಯಿ ಮಣ್ಣು ಕಟ್ಟಿ ಒಣಗಿದ್ದರೆ ಗೋಡೆಯ ಹಿಂದೆ ನೀರು ನಿಂತಿರಬಹುದು. ಕುಸಿತದ ನಂತರ ಗೋಡೆಯನ್ನು ಎತ್ತರಿಸುವ ಮಾತು ಬೇಗ ಬರುತ್ತದೆ, ಪೈಪು ಶುಚಿ ಮಾಡುವ ಮಾತು ಅಷ್ಟು ಬೇಗ ಬರುವುದಿಲ್ಲ ಎಂಬುದು ನನ್ನ ಅನಿಸಿಕೆ.

ಟೆರ್ಜಾಗಿ ಮುಂದೆ ಎಂಐಟಿ, ವಿಯೆನ್ನಾ, ಹಾರ್ವರ್ಡ್‌ಗಳಲ್ಲಿ ಕಲಿಸಿ 1963ರಲ್ಲಿ ತೀರಿಕೊಂಡರು. ಖ್ಯಾತಿ ಬಂದ ಮೇಲೂ ಅಣೆಕಟ್ಟು, ಇಳಿಜಾರುಗಳ ಸ್ಥಳಕ್ಕೆ ಹೋಗುವುದನ್ನು ಬಿಡಲಿಲ್ಲ. ಕಾಗದದ ಲೆಕ್ಕವನ್ನು ಅವರು ಊಹೆಯೆಂದೇ ಕಂಡು, ಕಾಮಗಾರಿ ಸಾಗುತ್ತಿರುವಾಗ ನೆಲದೊಳಗಿನ ನೀರಿನ ಮಟ್ಟವನ್ನು ಅಳೆದು ವಿನ್ಯಾಸವನ್ನು ತಿದ್ದಬೇಕೆಂದು ಪಟ್ಟು ಹಿಡಿದರು. ಆ ಅಳತೆಗೆ ಬೇಕಾದ ಪೀಜೋಮೀಟರಿನ ಸರಳ ರೂಪವೆಂದರೆ ಕೊರೆದ ರಂಧ್ರದಲ್ಲಿ ಇಳಿಸಿದ, ತಳದಲ್ಲಿ ತೂತುಗಳಿರುವ ಒಂದು ಕೊಳವೆ. ಹಾಸನದಲ್ಲಿ ಸಿವಿಲ್ ಓದುವ ಯಾವ ವಿದ್ಯಾರ್ಥಿಯೂ ಅದರ ಮಟ್ಟವನ್ನು ಓದಬಲ್ಲ.