ಬೆಳ್ಳಿ ನ್ಯಾನೊ ಕಣ: ಉಪ್ಪುನೀರಿನ ಒಂದು ಹನಿ

ಎಲೆಯ ಕಷಾಯದಿಂದ ಬೆಳ್ಳಿಯ ನ್ಯಾನೊ ಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಚೂರು) ಮಾಡುವ ಪ್ರಾಜೆಕ್ಟ್ ತಗೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ಒಂದೇ ಜಾಗದಲ್ಲಿ ಎರಡು ವಾರ ಸಿಕ್ಕಿಬಿದ್ದಿದ್ದೆ. ಮರೆಯುವ ಮೊದಲು ಬರೆದಿಡಬೇಕು.

ಮಾಡುವ ಕ್ರಮ ಸುಲಭ. 10 ಗ್ರಾಂ ತುಳಸಿ ಎಲೆಯನ್ನು 100 ಮಿ.ಲೀ. ಡಿಸ್ಟಿಲ್ಡ್ ವಾಟರ್‌ನಲ್ಲಿ ಕುದಿಸಿ ಸೋಸಿ. ಅದರ 10 ಮಿ.ಲೀ.ಯನ್ನು 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್‌ನ 90 ಮಿ.ಲೀ.ಗೆ ಸೇರಿಸಿ. 100 ಮಿ.ಲೀ. ದ್ರಾವಣಕ್ಕೆ 0.017 ಗ್ರಾಂ ಸಿಲ್ವರ್ ನೈಟ್ರೇಟ್ ಸಾಕು. ಎಲೆಯ ಪಾಲಿಫೀನಾಲ್‌ಗಳು ಬೆಳ್ಳಿ ಅಯಾನಿಗೆ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡು ನೀರಿನಲ್ಲಿ ಕರಗಿರುವ ಬೆಳ್ಳಿಗೆ, ಎಲೆಕ್ಟ್ರಾನ್ ಕೊಡುತ್ತವೆ, ಅದು ಲೋಹವಾಗುತ್ತದೆ. ಎಲೆಯ ಅಂಶಗಳೇ ಕಣದ ಸುತ್ತ ಅಂಟಿಕೊಂಡು ಒಂದಕ್ಕೊಂದು ಸೇರದಂತೆ ತಡೆಯುತ್ತವೆ. ತಿಳಿಹಳದಿ ಬಣ್ಣ ಕಂದಾಗುತ್ತದೆ, ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಯುವಿ-ವಿಸಿಬಲ್ ಯಂತ್ರದಲ್ಲಿ 400ರಿಂದ 450 ನ್ಯಾನೋಮೀಟರ್ ನಡುವೆ ಶಿಖರ ಬರುತ್ತದೆ.

ಎಲೆಗಾಗಿ ಗದಗಿನ ಕಪ್ಪತಗುಡ್ಡಕ್ಕೆ ಹೋಗೋಣ ಅಂತ ಗೆಳತಿ ಹೇಳಿದ್ದಳು. ಅದು 2019ರಿಂದ ವನ್ಯಜೀವಿಧಾಮ, ಅಲ್ಲಿ ಕೀಳೋದು ಬೇಡ. ಧಾರವಾಡದಲ್ಲಿ ಹಿತ್ತಲಿಗೊಂದು ತುಳಸಿ ಇದ್ದೇ ಇರುತ್ತದೆ, ಅಲ್ವಾ?

ನನ್ನ ಮೊದಲ ಫ್ಲಾಸ್ಕ್ ಕಂದಾಗಲೇ ಇಲ್ಲ. ಕಷಾಯ ಹಾಕುವ ಮೊದಲೇ ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಕಿಟಕಿ ಪಕ್ಕ ಇಟ್ಟಿದ್ದೆ, ಮರುದಿನ ತಳದಲ್ಲಿ ನೇರಳೆ ಬೂದು ಬಣ್ಣದ ಪುಡಿ. ಸೀನಿಯರ್ ಅಕ್ಕ ಕೇಳಿದರು, "ಕೊನೀಗೆ ಯಾವ ನೀರಿಲೆ ತೊಳದಿ?" ಫ್ಲಾಸ್ಕನ್ನು ನಳದ ನೀರಿನಲ್ಲೇ ತೊಳೆದಿದ್ದೆ, ಒಂದಿಷ್ಟು ತಳದಲ್ಲೂ ಉಳಿದಿತ್ತು. ಅದರಲ್ಲಿದ್ದ ಕ್ಲೋರೈಡ್ ಬೆಳ್ಳಿಯನ್ನು ಹಿಡಿದು ಸಿಲ್ವರ್ ಕ್ಲೋರೈಡ್ ಮಾಡಿತ್ತು. ಅದು ನೀರಿನಲ್ಲಿ ಕರಗೋದಿಲ್ಲ, ಬೆಳಕಿಗೆ ಕಪ್ಪಾಗುತ್ತದೆ.

ಈಗ ನಾನು ಸಿಕ್ಕಿಬಿದ್ದ ಜಾಗ. ಎರಡನೇ ಸಲ ಬಣ್ಣ ಚೆನ್ನಾಗಿ ಬಂತು. ಕಣ ಬ್ಯಾಕ್ಟೀರಿಯಾ ಕೊಲ್ಲುತ್ತದಾ ನೋಡೋಣ ಅಂತ ಆ ಕಂದು ದ್ರಾವಣವನ್ನೇ ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಪ್ಲೇಟಿನ ಗುಳಿಗೆ ಹಾಕಿದೆ. ಈ. ಕೋಲೈ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ದೊಡ್ಡದಾಗಿ ಬಂತು, ಖುಷಿಯಾಯಿತು. ಆದರೆ ಕೊಂದಿದ್ದು ಕಣವೋ, ಉಳಿದ ಸಿಲ್ವರ್ ನೈಟ್ರೇಟೋ? ಬೆಳ್ಳಿ ಅಯಾನೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ. 1880ರ ದಶಕದಲ್ಲೇ ಜರ್ಮನಿಯ ವೈದ್ಯ ಕ್ರೆಡೆ ಹಸುಗೂಸುಗಳ ಕಣ್ಣಿಗೆ ಶೇ 2ರ ಸಿಲ್ವರ್ ನೈಟ್ರೇಟ್ ಹನಿ ಹಾಕಿಸಿ ಕಣ್ಣಿನ ಸೋಂಕು ತಡೆದಿದ್ದರು. ಹಾಗಾಗಿ ತೊಳೆಯದ ದ್ರಾವಣದ ವೃತ್ತ ಕಣದ ಬಗ್ಗೆ ಏನೂ ಹೇಳೋದಿಲ್ಲ.

ತೊಳೆಯಬೇಕು. 10,000 ಆರ್‌ಪಿಎಂನಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ಜೋರಾಗಿ ತಿರುಗಿಸಿದರೆ ಕಣ ತಳಕ್ಕೆ ಕೂರುತ್ತದೆ), ಮೇಲಿನ ನೀರು ತೆಗೆದು, ಡಿಸ್ಟಿಲ್ಡ್ ವಾಟರ್ ಹಾಕಿ ಕಲಕಿ ಮತ್ತೆ ತಿರುಗಿಸಿ. ಎಷ್ಟು ಸಲ? ಎಲ್ಲರೂ ಮೂರು ಅನ್ನುತ್ತಾರೆ. ನಾನು ಸಲ ಎಣಿಸೋದಿಲ್ಲ, ಉಪ್ಪುನೀರನ್ನು ಕೇಳುತ್ತೇನೆ. ತೆಗೆದ ನೀರಿನಲ್ಲಿ 1 ಮಿ.ಲೀ.ಯನ್ನು ಬೇರೆ ಟೆಸ್ಟ್ ಟ್ಯೂಬಿಗೆ ಹಾಕಿ, ಒಂದು ಹನಿ ತಿಳಿಯಾದ ಉಪ್ಪುನೀರು ಬಿಡಿ, ಕಪ್ಪು ಕಾಗದದ ಮುಂದೆ ಹಿಡಿದು ನೋಡಿ. ಬಿಳಿ ಮಬ್ಬು ಕಂಡರೆ ಅಯಾನು ಇನ್ನೂ ಇದೆ, ಮತ್ತೆ ತೊಳೆಯಿರಿ. ನನ್ನ ಮೊದಲ ನೀರು ಹಾಲಾಯಿತು, ಎರಡನೆಯದರಲ್ಲಿ ಹೊಗೆಯಷ್ಟು ಮಬ್ಬು, ನಾಲ್ಕನೆಯದು ತಿಳಿ. ಮೊದಲು ಕೆಲಸ ಕೆಡಿಸಿದ ಕ್ಲೋರೈಡೇ ಈಗ ಪರೀಕ್ಷಕ! ಆದರೆ ಕಣದ ಟ್ಯೂಬಿಗೆ ಮಾತ್ರ ಉಪ್ಪು ಬೀಳಬಾರದು, ಕಣಗಳು ಗುಂಪುಗಟ್ಟುತ್ತವೆ. ತೊಳೆದ ಮೇಲೆ ಇಟ್ಟುಕೊಂಡು ಕೂರಬೇಡಿ, ಕಣಗಳಿಂದಲೂ ನಿಧಾನಕ್ಕೆ ಅಯಾನು ಬಿಡುತ್ತದೆ.

ಪ್ಲೇಟಿನಲ್ಲಿ ನಾಲ್ಕು ಗುಳಿ ಬೇಕೇ ಬೇಕು: ತೊಳೆದ ಕಣ, ಬರೀ ಸಿಲ್ವರ್ ನೈಟ್ರೇಟ್, ಬರೀ ಕಷಾಯ, ಬರೀ ನೀರು. ನನ್ನ ವೃತ್ತ ಈ ಸಲ ಸಣ್ಣದಾಯಿತು. ಆದರೂ ಅದನ್ನೇ ರೆಕಾರ್ಡಿನಲ್ಲಿ ಬರೆದೆ, ಅದು ಕಣದ್ದು.

ಔಷಧಿಗೆ ಅಂತ ಮಾಡುವುದಾದರೆ ಇನ್ನೊಂದು ಇದೆ. ಗಾಯದ ರಸದಲ್ಲೂ ರಕ್ತದಲ್ಲೂ ಉಪ್ಪಿದೆ. ಸ್ವಲ್ಪ ಕಣವನ್ನು ಶೇ 0.9ರ ಸಲೈನ್‌ಗೆ ಹಾಕಿ ನೋಡಿ. ನನ್ನದು ಸಂಜೆಯೊಳಗೆ ಬೂದಾಗಿ ತಳಕ್ಕೆ ಕೂತಿತು. ಕಣದ ಸುತ್ತ ಎಲೆಯ ಅಂಶ ಇನ್ನಷ್ಟು ಅಂಟಲಿ ಅಂತ ನಾಳೆ ಕಷಾಯ 10ರ ಬದಲು 20 ಮಿ.ಲೀ. ಹಾಕಿ ಮತ್ತೆ ಮಾಡುತ್ತೇನೆ.