ಕಿರು ಸ್ಥಳನಾಮ: ನಕ್ಷೆಗೆ ಹತ್ತದ ಹೆಸರುಗಳು

ದ್ವೀಪದ ಹೆಸರು, ಊರಿನ ಹೆಸರು ಹೇಗೂ ಕಾಗದದಲ್ಲಿ ಉಳಿದುಕೊಳ್ಳುತ್ತವೆ. ಆದರೆ ಗಾಳ ಹಾಕುವ ಬಂಡೆ, ದೋಣಿ ಎಳೆದಿಡುವ ಸಂದು, ಇಳಿತದಲ್ಲಿ ಮಾತ್ರ ತಲೆ ತೋರಿಸುವ ಕಲ್ಲು ಇವಕ್ಕೂ ಅಲ್ಲಿನವರ ಬಾಯಲ್ಲಿ ಹೆಸರಿರುತ್ತದೆ. ಇವೇ ಕಿರು ಸ್ಥಳನಾಮಗಳು. ವಿದ್ವಾಂಸರು ಮೈಕ್ರೋಟೋಪೋನಿಮ್ ಅನ್ನುತ್ತಾರೆ. ಸಣ್ಣ ದ್ವೀಪದ ಹಳೆಯ ಚಿತ್ರಣ ಕಟ್ಟುವವರಿಗೆ ಬೇಕಾಗುವುದು ಇವೇ. ಯಾಕಂದ್ರೆ ಯಾರು ಎಲ್ಲಿ ಏನು ಕೆಲಸ ಮಾಡುತ್ತಿದ್ದರು ಅನ್ನುವುದು ಈ ಹೆಸರುಗಳಲ್ಲೇ ಇರುತ್ತದೆ. ಕೆಲಸ ನಿಂತರೆ ಹೆಸರೂ ಬಾಯಿಂದ ಹೋಗುತ್ತದೆ.

19ನೇ ಶತಮಾನದಲ್ಲಿ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯವರು ಸ್ಕಾಟ್ಲೆಂಡನ್ನು ಅಳೆಯುವಾಗ ಹೆಸರಿಗೆಂದೇ ಬೇರೆ ಪುಸ್ತಕ ಇಟ್ಟಿದ್ದರು. ಅದು ನೇಮ್ ಬುಕ್. ನಕ್ಷೆಗೆ ಹೋಗುವ ಹೆಸರು, ಅದನ್ನು ಬರೆಯುವ ಬೇರೆ ಬೇರೆ ರೀತಿ, ಹಾಗೆ ಬರೆಯಬೇಕೆಂದು ಹೇಳಿದವರು ಯಾರು, ಜಾಗ ಎಲ್ಲಿ, ಅದು ಎಂಥದ್ದು ಎಂದು ಕಾಲಂ ಹಾಕಿ ತುಂಬಿದರು. ಇವತ್ತಿಗೂ ಸಾಕಾಗುವ ಫಾರಂ ಅದು. ತೊಡಕಿದ್ದದ್ದು ‘ಹೇಳಿದವರು ಯಾರು’ ಎಂಬಲ್ಲಿ. ಜಮೀನ್ದಾರ, ಪಾದ್ರಿ, ಶಾಲೆ ಮೇಷ್ಟ್ರು ಇಂಥವರ ಮಾತಿಗೇ ತೂಕ ಜಾಸ್ತಿ. ಅವರಲ್ಲಿ ಎಷ್ಟು ಜನ ಮೀನಿಗೆ ಹೋಗುತ್ತಿದ್ದರು, ಹೇಳಿ!

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲೆಂಡ್ ದ್ವೀಪಗಳಲ್ಲಿ ಹೆಸರು ನೀರಿನ ಮೇಲೂ ಇದೆ. ದಡದ ಎರಡು ಗುರುತುಗಳು, ಉದಾಹರಣೆಗೆ ಒಂದು ಮನೆ ಮತ್ತು ಅದರ ಹಿಂದಿನ ಗುಡ್ಡ, ಒಂದೇ ಗೆರೆಗೆ ಬರುವ ಹಾಗೆ ದೋಣಿ ನಡೆಸುತ್ತಾರೆ. ಇನ್ನೊಂದು ಕಡೆ ಇಂಥದ್ದೇ ಮತ್ತೊಂದು ಜೋಡಿ ಹಿಡಿಯುತ್ತಾರೆ. ಗೆರೆಗಳು ಕೂಡುವಲ್ಲಿ ಮೀನಿನ ಜಾಗ. ಈ ಗುರುತಿಗೆ ಅಲ್ಲಿ ‘ಮೀಡ್’ ಅನ್ನುತ್ತಾರೆ. ಮನೆ ಬಿದ್ದರೆ ಗೆರೆಯೂ ಹೋಯಿತು. ಫೆರೋ ದ್ವೀಪಗಳ ಭಾಷಾತಜ್ಞ ಯಾಕೊಬ್ ಯಾಕೊಬ್ಸೆನ್ 1893ರಿಂದ 1895ರವರೆಗೆ ಶೆಟ್‌ಲೆಂಡಿನಲ್ಲಿ ಓಡಾಡಿ ಪದ ಕೂಡಿಸಿದರು. ಇಲ್ಲಿನ ಹಳೆಯ ಸ್ಕ್ಯಾಂಡಿನೇವಿಯನ್ ಮೂಲದ ನಾರ್ನ್ ಭಾಷೆ ಅಷ್ಟರಲ್ಲಿ ಸತ್ತುಹೋಗಿತ್ತು. ಆದರೆ ಬಂಡೆ, ಕೊಲ್ಲಿ, ಹೊಲಗಳ ಹೆಸರಲ್ಲೂ ಜನರ ಆಡುಮಾತಲ್ಲೂ ಅದರ ಪದಗಳು ಇನ್ನೂ ಓಡಾಡುತ್ತಿದ್ದವು.

ಈಗ ದಾಖಲಿಸುವವರು ಮೊದಲು ದನಿ ಮುದ್ರಿಸಿಕೊಳ್ಳುತ್ತಾರೆ, ಕಾಗುಣಿತ ಆಮೇಲೆ. ಮನೆಯಲ್ಲಿ ಕೂತು ಕೇಳಿದರೆ ನೆನಪಾಗದ್ದು ಇಳಿತದ ಹೊತ್ತಿಗೆ ದಡದಲ್ಲಿ ನಡೆದರೆ ತಾನಾಗೇ ಬರುತ್ತದೆ. ಜಿಪಿಎಸ್ ಇದ್ದರೂ ಒಂದು ಪೇಚು ಉಂಟು: ಉದ್ದನೆಯ ದಡದ ಹೆಸರನ್ನು ಸುಮ್ನೆ ಒಂದು ಚುಕ್ಕಿಗೆ ಕಟ್ಟಿಬಿಡುವುದು. ಹೆಸರು ಎಲ್ಲಿಂದ ಎಲ್ಲಿಯವರೆಗೆ ಅಂತ ಕೇಳಲೇಬೇಕು. ಒಂದೇ ಬಂಡೆಗೆ ದಡದವರು ಒಂದು, ದೋಣಿಯವರು ಇನ್ನೊಂದು ಹೆಸರು ಹೇಳಿದರೆ ಎರಡನ್ನೂ ಇಡಬೇಕು. ಸರಿ ಯಾವುದು ಎಂದು ತೀರ್ಪು ಕೊಡುವುದು ನಕ್ಷೆಯವರ ಕೆಲಸ ಅಲ್ಲ, ಅಲ್ವಾ? ಹೇಳಿದವರು ದ್ವೀಪದ ಯಾವ ಬದಿಯವರು, ಯಾವ ವರ್ಷ ಹೇಳಿದ್ದು ಎಂಬುದೂ ಜೊತೆಗಿರಲಿ.

ಮೀನಿನ ಜಾಗ ಹೇಳಿದವರು ಅದನ್ನು ಎಲ್ಲರಿಗೂ ತೋರಿಸಬೇಡಿ ಅಂದರೆ ಕಡತದಲ್ಲಿ ಇಟ್ಟು, ಅಚ್ಚಾಗುವ ನಕ್ಷೆಯಿಂದ ಬಿಡುವುದೇ ಸರಿ.