ಸಾಲಿನ ಬಾಲಕ್ಕೆ ಅಂಟಿದ 13

ಫೈಲುಗಳ ಹೆಸರಿನ ಪಟ್ಟಿಯೊಂದನ್ನು ಸ್ಕ್ರಿಪ್ಟಿಗೆ ಕೊಡುತ್ತೀರಿ. ಫೈಲುಗಳೆಲ್ಲ ಕಣ್ಣೆದುರೇ ಇದ್ದರೂ ಒಂದೂ ಸಿಗಲಿಲ್ಲವೆಂದು ಕಮಾಂಡ್ ಹಟ ಹಿಡಿಯುತ್ತದೆ. ಪಟ್ಟಿ ತಯಾರಾದದ್ದು ವಿಂಡೋಸ್‌ನಲ್ಲಿ, ಸ್ಕ್ರಿಪ್ಟ್ ಓಡುತ್ತಿರುವುದು ಲಿನಕ್ಸ್‌ನಲ್ಲಿ. ಪ್ರತಿ ಹೆಸರಿನ ಬಾಲಕ್ಕೂ ಕಾಣದ ಅಕ್ಷರವೊಂದು ಅಂಟಿಕೊಂಡಿದೆ. ಅದೇ ಕ್ಯಾರೇಜ್ ರಿಟರ್ನ್; ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಅದರ ಸಂಕೇತ 13.

ಈ ತಂಟೆಯ ಬೇರು ತಂತಿಯಲ್ಲಿ ಬಂದ ಅಕ್ಷರಗಳನ್ನು ಕಾಗದದ ಮೇಲೆ ಮುದ್ರಿಸುವ ಟೆಲಿಪ್ರಿಂಟರಿನಲ್ಲಿದೆ. 1963ರಲ್ಲಿ ಬಂದ ಟೆಲಿಟೈಪ್ ಮಾಡೆಲ್ 33 ಯಂತ್ರ ಸೆಕೆಂಡಿಗೆ 10 ಅಕ್ಷರ ಮುದ್ರಿಸುತ್ತಿತ್ತು. ಹೊಸ ಸಾಲು ಹಿಡಿಯಲು ಅದಕ್ಕೆ ಎರಡು ಕೆಲಸ: ಮುದ್ರಿಸುವ ತಲೆಯನ್ನು ಎಡತುದಿಗೆ ತರುವುದು, ಕಾಗದವನ್ನು ಒಂದು ಸಾಲು ಸರಿಸುವುದು. ಮೊದಲನೆಯದಕ್ಕೆ ಸಂಕೇತ 13. ಎರಡನೆಯದಕ್ಕೆ, ಅಂದರೆ ಲೈನ್ ಫೀಡಿಗೆ, 10. ತಲೆ ಬಲತುದಿಯಿಂದ ವಾಪಸು ಬರಲು ಒಂದು ಅಕ್ಷರದ ಹೊತ್ತು ಸಾಲುತ್ತಿರಲಿಲ್ಲ. ಆದ್ದರಿಂದ 13 ಮೊದಲು. ತಲೆ ಇನ್ನೂ ಓಡುತ್ತಿರುವಾಗಲೇ 10 ಕಾಗದವನ್ನು ಸರಿಸಿಬಿಡುತ್ತಿತ್ತು.

ಯಂತ್ರದ ಓಡಾಟವನ್ನು ಕಡತದೊಳಗೆ ಬರೆದಿಡುವುದೇಕೆ ಎಂದು ಮೊದಲು ತಕರಾರು ತೆಗೆದವರಲ್ಲಿ ಮಲ್ಟಿಕ್ಸ್ ಎಂಬ ಕಾರ್ಯವ್ಯವಸ್ಥೆ ರೂಪಿಸಿದವರೂ ಇದ್ದರು. ಕಡತದಲ್ಲಿ 10 ಒಂದೇ ಇರಲಿ, ಉಳಿದದ್ದನ್ನು ಯಂತ್ರವನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ನೋಡಿಕೊಳ್ಳಲಿ ಎಂದರು. ಲಿನಕ್ಸ್ ಅನುಸರಿಸುವ ಯುನಿಕ್ಸ್ ಅದೇ ದಾರಿ ಹಿಡಿಯಿತು. ಪುಟ್ಟ ಕಂಪ್ಯೂಟರುಗಳ ಕಾರ್ಯವ್ಯವಸ್ಥೆ ಸಿಪಿ/ಎಂ 13, 10 ಎರಡನ್ನೂ ಇಟ್ಟುಕೊಂಡಿತು. ಅದರಿಂದ 1981ರ ಎಂಎಸ್-ಡಾಸ್‌ಗೆ, ಅಲ್ಲಿಂದ ವಿಂಡೋಸ್‌ಗೆ ಜೋಡಿ ದಾಟಿತು. ಹಳೆಯ ಮ್ಯಾಕಿಂಟಾಷ್ 13 ಒಂದನ್ನೇ ಬಳಸುತ್ತಿತ್ತು. ಅಂಥ ಕಡತದಲ್ಲಿ ಎಷ್ಟು ಸಾಲುಗಳಿವೆ ಎಂದು ಯುನಿಕ್ಸ್‌ನ ಎಣಿಕೆ ಕಮಾಂಡನ್ನು ಕೇಳಿದರೆ ಸೊನ್ನೆ ಎನ್ನುತ್ತದೆ.

ವಿಂಡೋಸ್‌ನಲ್ಲಿ ಸಿ ಭಾಷೆಯ ಲೈಬ್ರರಿ ಪಠ್ಯವನ್ನು ಓದುವಾಗ ಜೋಡಿಯನ್ನು 10 ಆಗಿಸಿ ಕೊಡುತ್ತದೆ. ಯುನಿಕ್ಸ್‌ನಲ್ಲಿ ಆ ಕಾವಲು ಇಲ್ಲ, ಬಂದ ಬೈಟುಗಳು ಬಂದ ಹಾಗೆಯೇ ಒಳಗೆ. ಪದವೊಂದನ್ನು ಸಾಲಿನ ಕೊನೆಯಲ್ಲಿ ಹುಡುಕು ಎಂದರೆ, ಹುಡುಕುವ ಕಮಾಂಡಾದ ಗ್ರೆಪ್‌ಗೆ ಪದದ ಬದಲು 13 ಎದುರಾಗುತ್ತದೆ. ಸ್ಕ್ರಿಪ್ಟನ್ನು ಓಡಿಸುವ ಪ್ರೋಗ್ರಾಮಿನ, ಉದಾಹರಣೆಗೆ ಬ್ಯಾಷ್‌ನ, ಹೆಸರಿರುವ ಮೊದಲ ಸಾಲಿನಲ್ಲಿ 13 ಉಳಿದರೆ ಬಾಲವಿರುವ ಬ್ಯಾಷ್‌ಗಾಗಿ ಹುಡುಕಾಟ ನಡೆಯುತ್ತದೆ. ಟರ್ಮಿನಲ್ ಇಂದಿಗೂ 13ರ ಮಾತು ಕೇಳುತ್ತದೆ. ಕರ್ಸರ್ ಎಡಕ್ಕೆ ಜಿಗಿದು, ದೋಷಸಂದೇಶದ ಉತ್ತರಾರ್ಧ ತನ್ನದೇ ಪೂರ್ವಾರ್ಧದ ಮೇಲೆ ಕೂರುತ್ತದೆ. ತಪ್ಪು ಹೇಳಬೇಕಾದ ಸಾಲನ್ನೇ ತಪ್ಪು ಅಳಿಸಿಹಾಕುವ ಈ ಆಟ ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಮದ್ದು ಅರೆಯುವವರು ತಡವಾಗಿ ಬಂದರು. 2003ರಲ್ಲಿ ಪೈಥಾನ್ ಭಾಷೆಯ 2.3 ಆವೃತ್ತಿ ಸಾಲು ಮುಗಿಸುವ ಮೂರೂ ಬಗೆಯನ್ನು ಒಂದಾಗಿ ಓದುವ ಸೌಲಭ್ಯ ಕೊಟ್ಟಿತು. ವಿಂಡೋಸ್‌ನ ನೋಟ್‌ಪ್ಯಾಡ್‌ಗೆ 10ರ ಸಾಲು ಅರ್ಥವಾಗಲು 2018 ಆಗಬೇಕಾಯಿತು.

ಔದಾರ್ಯಕ್ಕೂ ಬೆಲೆಯಿದೆ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ 13-10 ಜೋಡಿಯನ್ನೇ ಬೇಡುತ್ತದೆ. ಕೆಲವು ಸರ್ವರ್‌ಗಳು ಒಂಟಿ 10ನ್ನೂ ಒಪ್ಪುತ್ತಿದ್ದವು, ಕೆಲವು ಒಪ್ಪುತ್ತಿರಲಿಲ್ಲ. ಒಂದಕ್ಕೆ ಪತ್ರ ಮುಗಿದಂತೆ, ಇನ್ನೊಂದಕ್ಕೆ ಮುಂದುವರಿದಂತೆ ಕಾಣುವ ಆ ಸಂದಿಯಲ್ಲಿ ನಕಲಿ ಇಮೇಲ್ ತೂರಿಸಬಹುದೆಂದು 2023ರ ಡಿಸೆಂಬರ್‌ನಲ್ಲಿ ಬಯಲಾಯಿತು.

ಕಮಾಂಡ್ ಬರೆಯುವವರು 10ಕ್ಕೆ ತಾಗಿ ಅದಕ್ಕೂ ಮೊದಲು ಬರುವ 13ನ್ನು ಮಾತ್ರ ತೆಗೆದು, ಉಳಿದ ಕಡೆಯ 13ನ್ನು ಮುಟ್ಟದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಆದರೂ ಫೈಲಿನ ಹೆಸರಿಗೆ ಇದು ಸಾಲದು: ಯುನಿಕ್ಸ್ ಹೆಸರಿನೊಳಗೆ 13 ಮಾತ್ರವಲ್ಲ, 10 ಕೂಡ ಇರಬಹುದು. ಬೈಟುಗಳಲ್ಲಿ ನಿಷಿದ್ಧವಾದವು ಓರೆಗೆರೆ ಮತ್ತು ಸಂಕೇತ ಸೊನ್ನೆ ಎರಡೇ. ಆ ಸೊನ್ನೆಯನ್ನೇ ಹೆಸರುಗಳ ನಡುವಿನ ಬೇಲಿಯಾಗಿಸುವ ಆಯ್ಕೆ, ಫೈಲು ಹುಡುಕುವ ಫೈಂಡ್ ಮತ್ತು ಪಟ್ಟಿಯನ್ನು ಬೇರೆ ಕಮಾಂಡಿಗೆ ಒಪ್ಪಿಸುವ ಎಕ್ಸ್‌ಆರ್ಗ್ಸ್ ಕಮಾಂಡುಗಳಲ್ಲಿ ಎಷ್ಟೋ ಕಾಲದಿಂದ ಬಳಕೆಯಲ್ಲಿತ್ತು. ಯುನಿಕ್ಸ್ ಬಗೆಯ ವ್ಯವಸ್ಥೆಗಳ ನಿಯಮಾವಳಿಯಾದ ಪೋಸಿಕ್ಸ್ ಮಾನಕದೊಳಗೆ ಅದಕ್ಕೆ ಜಾಗ ಸಿಕ್ಕಿದ್ದು 2024ರಲ್ಲಿ.